ಪೆಟ್ಟಿಗೆ ಕಟ್ಟುವ ಮುನ್ನ: ಯಾರಿಗೆ ಯಾವ ಉಡುಗೊರೆ?

ರಜೆ ಮಂಜೂರಾಯಿತು ಎಂಬ ಸುದ್ದಿ ಬಂದ ದಿನವೇ ರಾಸ್ ತನೂರಾದ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಪಟ್ಟಿ ಶುರುವಾಗುತ್ತದೆ. ಅಪ್ಪನಿಗೆ, ಅಮ್ಮನಿಗೆ, ಅತ್ತೆ-ಮಾವನಿಗೆ, ಅಣ್ಣನ ಮಕ್ಕಳಿಗೆ, ತಂಗಿಗೆ, ಭಾವನಿಗೆ, ಪಕ್ಕದ ಮನೆಯ ದೊಡ್ಡಮ್ಮನಿಗೆ. ವಾರದ ರಜೆಯ ಸಂಜೆಗಳು ರಹೀಮಾದ ಅಂಗಡಿ ಸಾಲಿನಲ್ಲಿ ಕಳೆಯುತ್ತವೆ. ಅಲ್ಲಿ ಮುಗಿಯದಿದ್ದರೆ ಖೋಬಾರ್, ದಮ್ಮಾಮ್. ಎಲ್ಲಕ್ಕೂ ಎರಡು ರಿಯಾಲ್ ಎನ್ನುವ 'ಅಬು ರಿಯಾಲೈನ್' ಅಂಗಡಿಗೂ ಒಂದು ಸುತ್ತು. ಕೊನೆಯ ರಾತ್ರಿ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ದಪ್ಪ ಪೆನ್ನಿನಲ್ಲಿ ಹೆಸರು ಬರೆದು, ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಎರಡು ಕಿಲೋ ಹೆಚ್ಚಾಯಿತೆಂದು ಮತ್ತೆ ಬಿಚ್ಚಿ ಕಟ್ಟುತ್ತೇವೆ. ಈ ಅನುಭವ ಇಲ್ಲದ ಮನೆ ನಮ್ಮಲ್ಲಿ ಇರಲಾರದು.

ಇಷ್ಟೆಲ್ಲ ಪ್ರೀತಿಯಿಂದ ಹೊತ್ತು ತಂದದ್ದು ಊರಿನಲ್ಲಿ ಏನಾಗುತ್ತದೆ? ಈ ಪ್ರಶ್ನೆಯನ್ನು ನಾವು ಬಹಳ ವರ್ಷ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳಬೇಕಾದ ಸಂದರ್ಭ ಬಂದದ್ದು ತಡವಾಗಿ. ನಮ್ಮ ಅನುಭವದಿಂದ ನಾಲ್ಕು ಮನೆಗಾದರೂ ಉಪಯೋಗವಾಗಲಿ ಎಂಬ ಆಸೆಯಿಂದ ಈ ಲೇಖನ.

ಅಂದಿನ ಪೆಟ್ಟಿಗೆ, ಇಂದಿನ ಪೆಟ್ಟಿಗೆ

ನಾವಿರುವ ಈ ಊರಿನ ಕಥೆಯೇ ಎಣ್ಣೆಯ ಕಥೆ. 1939ರ ಮೇ 1ರಂದು ಸೌದಿ ಅರೇಬಿಯಾದ ಕಚ್ಚಾ ತೈಲ ಹೊತ್ತ ಮೊದಲ ಹಡಗು ಹೊರಟದ್ದು ರಾಸ್ ತನೂರಾದಿಂದ. 1945ರಲ್ಲಿ ಇಲ್ಲಿನ ತೈಲ ಶುದ್ಧೀಕರಣ ಘಟಕ ಕೆಲಸ ಆರಂಭಿಸಿತು. 1970ರ ದಶಕದಲ್ಲಿ ತೈಲದ ಬೆಲೆ ಏರಿದ ಮೇಲೆ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಕೊಲ್ಲಿ ನಾಡುಗಳಿಗೆ ಬಂದರು. ಆಗ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಟೂ-ಇನ್-ಒನ್, ನೈಲಾನ್ ಸೀರೆ, ಸೆಂಟು, ಟ್ಯಾಂಗ್ ಪುಡಿ, ನಿಡೋ ಡಬ್ಬಿ, ಟೈಗರ್ ಬಾಮ್, ದಪ್ಪ ಕಂಬಳಿ ಇರುತ್ತಿದ್ದವು. ಅವಕ್ಕೆ ಬೆಲೆ ಬಂದದ್ದು ಒಂದೇ ಕಾರಣಕ್ಕೆ. ಊರಿನ ಅಂಗಡಿಯಲ್ಲಿ ಅವು ಸಿಗುತ್ತಿರಲಿಲ್ಲ. ವಿದೇಶಿ ವಸ್ತುಗಳ ಆಮದಿಗೆ ಆಗ ಬಿಗಿಯಾದ ಕಟ್ಟುಪಾಡಿತ್ತು.

1991ರ ಆರ್ಥಿಕ ಸುಧಾರಣೆಯ ನಂತರ ಆ ಕಟ್ಟುಪಾಡು ಹಂತಹಂತವಾಗಿ ಸಡಿಲವಾಯಿತು. ಇಂದು ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗದ ಅಂಗಡಿಗಳಲ್ಲಿ ಸಿಗದ ಚಾಕಲೇಟು ಯಾವುದು? ಮನೆ ಬಾಗಿಲಿಗೆ ತಂದುಕೊಡುವ ಆನ್‌ಲೈನ್ ವ್ಯಾಪಾರ ಬೇರೆ. 'ಅಲ್ಲಿ ಸಿಗದ್ದು' ಎಂಬ ಒಂದೇ ಗುಣದ ಮೇಲೆ ನಿಂತಿದ್ದ ನಮ್ಮ ಉಡುಗೊರೆಗಳ ಪಾಯವೇ ಹೋಯಿತು. ನಾವು ಮಾತ್ರ ಅದೇ ಹಳೆಯ ಪಟ್ಟಿ ಹಿಡಿದು ಅದೇ ಅಂಗಡಿಗಳಿಗೆ ಹೋಗುತ್ತಿದ್ದೇವೆ.

ಬೀರು ತೆರೆದ ದಿನ

ನಮ್ಮ ಅಮ್ಮ ತೀರ್ಥಹಳ್ಳಿಯ ಹತ್ತಿರದ ಹಳ್ಳಿಯಲ್ಲಿ ಅಣ್ಣ-ಅತ್ತಿಗೆಯ ಜೊತೆಗಿದ್ದರು. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಒಂದು ಗಾಳಿ ಬೀಸಿದರೆ ಕರೆಂಟ್ ಹೋಯಿತೆಂದೇ ಲೆಕ್ಕ. ಅಂಥ ಒಂದು ಜುಲೈ ರಾತ್ರಿ ಅಮ್ಮ ಬಚ್ಚಲಿಗೆ ಎದ್ದು ಹೋದವರು ಜಾರಿ ಬಿದ್ದರು. ಒಂದು ಕೈಯಲ್ಲಿ ನಾವು ಇಲ್ಲಿಂದ ಒಯ್ದಿದ್ದ ಟಾರ್ಚ್ ಇತ್ತು. ಇನ್ನೊಂದು ಕೈಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ನಾಲ್ಕು ತಿಂಗಳು ಹಾಸಿಗೆ ಹಿಡಿದು ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಅತ್ತಿಗೆ ಅಮ್ಮನ ಬೀರು ತೆರೆದರು. ಪ್ಲಾಸ್ಟಿಕ್ ಚೀಲ ಬಿಚ್ಚದ ಮೂರು ಕಂಬಳಿ. ಮುಚ್ಚಳ ತೆರೆಯದ ಐದು ಸೆಂಟಿನ ಬಾಟಲಿ. ಎರಡು ರಕ್ತದೊತ್ತಡದ ಯಂತ್ರ. ಅದನ್ನು ಬಳಸುವ ಕ್ರಮ ಅರಬ್ಬೀ ಮತ್ತು ಇಂಗ್ಲಿಷಿನಲ್ಲಿತ್ತು, ನಾವು ಒಂದು ಸಲವೂ ಕೂತು ಕಲಿಸಿಕೊಟ್ಟಿರಲಿಲ್ಲ. "ನೀವು ಅಷ್ಟು ದೂರದಿಂದ ತಂದದ್ದು, ಹಾಳಾಗಬಾರದು ಅಂತ ಇಟ್ಟಿದ್ರು" ಎಂದರು ಅತ್ತಿಗೆ. ಹನ್ನೆರಡು ವರ್ಷದ ನಮ್ಮ ಪ್ರೀತಿ ನುಸಿಗುಳಿಗೆಯ ವಾಸನೆಯಲ್ಲಿ ಮಡಚಿ ಕುಳಿತಿತ್ತು. ಅಮ್ಮ ನಿಜವಾಗಿ ಬಳಸಿದ್ದು ಎರಡೇ. ಸ್ವಿಚ್ ಸಡಿಲವಾಗಿ ದಾರ ಸುತ್ತಿಕೊಂಡಿದ್ದ ಆ ಟಾರ್ಚ್, ಮತ್ತೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ ನಮ್ಮ ಮಗಳ ಒಂದು ಪತ್ರ.

ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳುವ ಒಂದು ಸ್ಟೀಲ್ ಕಂಬಿ ಹಾಕಿಸಲು ಮೇಸ್ತ್ರಿಗೆ ಅರ್ಧ ದಿನದ ಕೆಲಸ. ಒಂದು ಕಂಬಳಿಯ ಬೆಲೆಗಿಂತ ಅದರ ಬೆಲೆ ಕಡಿಮೆ. ಆ ಹನ್ನೆರಡು ವರ್ಷದಲ್ಲಿ ಹನ್ನೆರಡು ಸಲ ನಾವು ಅದೇ ಬಚ್ಚಲಿನಲ್ಲಿ ಸ್ನಾನ ಮಾಡಿ ಬಂದಿದ್ದೆವು. ಅಮ್ಮ ಅಲ್ಲಿ ರಾತ್ರಿ ಹೇಗೆ ಓಡಾಡುತ್ತಾರೆ ಎಂದು ನೋಡಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಪಟ್ಟಿ ಬರೆಯುವ ಕ್ರಮ ಬದಲಾಯಿತು. 'ಅವರಿಗೆ ಏನು ಒಯ್ಯೋಣ?' ಎಂದು ಮೊದಲು ಕೇಳುವುದಿಲ್ಲ. 'ಅವರ ದಿನ ಹೇಗೆ ಕಳೆಯುತ್ತದೆ?' ಎಂದು ಕೇಳಿಕೊಳ್ಳುತ್ತೇವೆ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾರೆ, ಎಲ್ಲಿ ಕೂರುತ್ತಾರೆ, ಯಾವುದು ಕಷ್ಟ, ಯಾವುದರಲ್ಲಿ ಖುಷಿ? ಒಬ್ಬರ ದಿನ ಗೊತ್ತಾದರೆ ಉಡುಗೊರೆ ತಾನಾಗಿ ಹೊಳೆಯುತ್ತದೆ. ವಯಸ್ಸಿಗೆ ತಕ್ಕಂತೆ ಆ ದಿನವೂ ಬೇರೆ ಬೇರೆ. ಒಂದೊಂದಾಗಿ ನೋಡೋಣ.

ಹಾಲುಗೂಸುಗಳಿಗೆ

ಒಂದು ವರ್ಷದೊಳಗಿನ ಮಗುವಿಗೆ ಉಡುಗೊರೆ ಏನೆಂದು ಗೊತ್ತಾಗುವುದಿಲ್ಲ. ಅದರ ಮೈಗೆ ಮಾತ್ರ ಗೊತ್ತಾಗುತ್ತದೆ. ಮಿರುಗುವ ಸಿಂಥೆಟಿಕ್ ಅಂಗಿಗಿಂತ ಮೆತ್ತನೆಯ ಹತ್ತಿ ಬಟ್ಟೆ ನಮ್ಮ ಕರಾವಳಿಯ ಸೆಕೆಗೂ ಬಯಲುಸೀಮೆಯ ಬಿಸಿಲಿಗೂ ಒಳ್ಳೆಯದು. ಮಗುವಿನ ಈಗಿನ ಅಳತೆ ಕೇಳಿ, ಒಂದು ಅಳತೆ ದೊಡ್ಡದನ್ನೇ ಕೊಳ್ಳಿ. ನಾವು ಊರು ಮುಟ್ಟುವಷ್ಟರಲ್ಲಿ ಮಗು ಬೆಳೆದಿರುತ್ತದೆ.

ಮೂರು ವಸ್ತು ಬೇಡ. ಮೊದಲನೆಯದು, ಗಾಲಿಯ ವಾಕರ್. ಇದು ಮಗುವಿಗೆ ನಡಿಗೆ ಕಲಿಸುತ್ತದೆಂದು ನಾವೆಲ್ಲ ನಂಬಿದ್ದೆವು. ಆದರೆ ಮೆಟ್ಟಿಲಿನಿಂದ ಉರುಳುವ ಅಪಾಯದ ಕಾರಣ 2004ರಲ್ಲಿ ಕೆನಡಾ ದೇಶ ಇದರ ಮಾರಾಟವನ್ನೇ ನಿಷೇಧಿಸಿತು. ಎತ್ತರದ ಜಗಲಿ, ಹೊಸ್ತಿಲು ಇರುವ ನಮ್ಮ ಹಳ್ಳಿಮನೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಎರಡನೆಯದು, ದೊಡ್ಡವರ ಹಾಲಿನ ಪುಡಿ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇರೆ ಹಾಲು ಬೇಕೋ ಬೇಡವೋ ಎಂದು ವೈದ್ಯರು ಹೇಳಲಿ, ನಮ್ಮ ಪೆಟ್ಟಿಗೆ ಹೇಳುವುದು ಬೇಡ. ಮೂರನೆಯದು, ಜೇನುತುಪ್ಪ. ಇಲ್ಲಿನ ಜೇನು ಎಷ್ಟೇ ಹೆಸರುವಾಸಿಯಾಗಿರಲಿ, ಒಂದು ವರ್ಷ ತುಂಬದ ಮಗುವಿನ ಬಾಯಿಗೆ ತಾಗಿಸಬಾರದು. ಅದರಲ್ಲಿರಬಹುದಾದ ಸೂಕ್ಷ್ಮಾಣು ಎಳೆಯ ಕರುಳಿಗೆ ವಿಷವಾದೀತು.

ಮಗುವಿಗೆ ಒಯ್ಯುವಾಗ ಬಾಣಂತಿಯನ್ನು ಮರೆಯಬೇಡಿ. ನೋಡಲು ಬಂದವರೆಲ್ಲ ಮಗುವಿಗೇ ತರುತ್ತಾರೆ. ರಾತ್ರಿಯೆಲ್ಲ ಎದ್ದಿರುವ ತಾಯಿಗೆ ಒಂದು ಒಳ್ಳೆಯ ದಿಂಬು, ಬಿಸಿನೀರು ಆರದಂತೆ ಇಡುವ ಫ್ಲಾಸ್ಕ್, ಸಡಿಲವಾದ ಎರಡು ಹತ್ತಿಯ ಉಡುಪು ಒಯ್ದು ನೋಡಿ. ಆ ಮುಖ ಅರಳುವುದನ್ನು ಕಾಣುತ್ತೀರಿ.

ಓಡಾಡುವ ಮಕ್ಕಳಿಗೆ

ಒಂದರಿಂದ ಮೂರು ವರ್ಷದ ಮಕ್ಕಳು ಜಗತ್ತನ್ನು ತಿಳಿಯುವುದು ಬಾಯಿಂದ. ಅಮೆರಿಕದ ಆಟಿಕೆ ನಿಯಮದಲ್ಲಿ ಒಂದು ಪುಟ್ಟ ಪರೀಕ್ಷೆಯಿದೆ. ಸುಮಾರು 3.2 ಸೆಂ.ಮೀ. ಅಗಲದ ಕೊಳವೆಯೊಳಗೆ ಆಟಿಕೆಯ ಯಾವುದಾದರೂ ಚೂರು ಪೂರ್ತಿ ಇಳಿದುಹೋದರೆ, ಅದನ್ನು ಮೂರು ವರ್ಷದೊಳಗಿನ ಮಕ್ಕಳಿಗೆ ಮಾರುವಂತಿಲ್ಲ. ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರ. ಅಂಗಡಿಯಲ್ಲಿ ಕೊಳವೆ ಇರುವುದಿಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿದ ಉಂಗುರದಲ್ಲಿ ತೂರುವ ಯಾವ ಚೂರೂ ಬೇಡ ಎಂದುಕೊಂಡರೆ ಸಾಕು.

ಎರಡು ರಿಯಾಲ್ ಅಂಗಡಿಯ ಹಾಡುವ ಬೊಂಬೆಗಳಲ್ಲಿ ಗುಂಡಿಯಂಥ ಚಿಕ್ಕ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಎಷ್ಟೇ ಅಗ್ಗವಾಗಿರಲಿ, ಅಲ್ಲೇ ಬಿಟ್ಟು ಬನ್ನಿ. ಇಡಿಯ ಬಾದಾಮಿ, ಪಿಸ್ತಾ, ಬೀಜ ತೆಗೆಯದ ಖರ್ಜೂರ ಈ ವಯಸ್ಸಿನ ಕೈಗೆ ಸಿಗಬಾರದು.

ನಾಲ್ಕರಿಂದ ಹತ್ತು ವರ್ಷದವರ ಮಾತೇ ಬೇರೆ. ಅವರು ಲೆಕ್ಕ ಇಡುತ್ತಾರೆ! ಅಣ್ಣನ ಮಗನಿಗೆ ರಿಮೋಟ್ ಕಾರು, ತಂಗಿಯ ಮಗನಿಗೆ ಪೆನ್ಸಿಲ್ ಡಬ್ಬಿ ಕೊಟ್ಟರೆ ಮಕ್ಕಳು ಮರೆತರೂ ಅವರ ತಾಯಂದಿರು ಮರೆಯುವುದಿಲ್ಲ. ನಾವು ಈಗ ಮಾಡುವುದು ಹೀಗೆ. ಒಬ್ಬೊಬ್ಬರಿಗೂ ಒಂದೇ ಬೆಲೆಯ ಚಿಕ್ಕದೊಂದು ವಸ್ತು, ಜೊತೆಗೆ ಎಲ್ಲರೂ ಕೂಡಿ ಆಡುವ ಒಂದು ದೊಡ್ಡದು. ಕೇರಂ ಬೋರ್ಡು, ಬ್ಯಾಡ್ಮಿಂಟನ್, ಫುಟ್‌ಬಾಲ್, ಕಟ್ಟಿ ಜೋಡಿಸುವ ಬಿಲ್ಲೆಗಳು. ಇವುಗಳಲ್ಲಿ ಹಲವನ್ನು ಹೊತ್ತೊಯ್ಯುವುದೂ ಬೇಡ. ಊರಿಗೆ ಹೋದ ಮರುದಿನ ಮಕ್ಕಳನ್ನೆಲ್ಲ ಪೇಟೆಗೆ ಕರೆದೊಯ್ದು ಕೊಡಿಸಿದರೆ ಆ ಸವಾರಿಯೇ ಅರ್ಧ ಉಡುಗೊರೆ.

ಹೈಸ್ಕೂಲು, ಕಾಲೇಜಿನವರಿಗೆ

ಹನ್ನೊಂದು ದಾಟಿದವರಿಗೆ ಕೇಳದೆ ಏನನ್ನೂ ಒಯ್ಯಬೇಡಿ. ಅವರ ರುಚಿ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ನಮ್ಮ ಕಣ್ಣಿಗೆ ಅವರು ಹೋದ ರಜೆಯಲ್ಲಿ ಕಂಡಷ್ಟೇ ಎತ್ತರದಲ್ಲಿ ನಿಂತಿರುತ್ತಾರೆ. ಶೂ ಕೊಳ್ಳುವುದಿದ್ದರೆ ನಂಬರ್ ಕೇಳಿದರೆ ಸಾಲದು, ಕಂಪನಿಯಿಂದ ಕಂಪನಿಗೆ ಅದು ಬೇರೆ. ಕಾಗದದ ಮೇಲೆ ಪಾದವಿಟ್ಟು ಗೆರೆ ಎಳೆದು, ಹಿಮ್ಮಡಿಯಿಂದ ಹೆಬ್ಬೆರಳ ತುದಿಗೆ ಎಷ್ಟು ಸೆಂ.ಮೀ. ಎಂದು ಅಳೆದು ಹೇಳಲು ತಿಳಿಸಿ.

ಮೊಬೈಲ್ ಕೊಡುವ ಮೊದಲು ಅವರ ತಂದೆತಾಯಿಯನ್ನು ಕೇಳುವುದು ನಮ್ಮ ಕರ್ತವ್ಯ. ನಾವು ಕೊಟ್ಟು ವಿಮಾನ ಹತ್ತುತ್ತೇವೆ. ರಾತ್ರಿ ಹನ್ನೆರಡರವರೆಗೆ ಅದನ್ನು ಕೆಳಗಿಡದ ಮಗನ ಜೊತೆ ಜಗಳವಾಡುವವರು ಅವರು. ಹುಡುಗಿಯರಿಗೆ ಅಲಂಕಾರದ ಪೆಟ್ಟಿಗೆಯೇ ಆಗಬೇಕು, ಹುಡುಗರಿಗೇ ಕ್ಯಾಲ್ಕುಲೇಟರ್ ಎಂಬ ವಿಂಗಡಣೆಯನ್ನೂ ಬಿಡೋಣ. ವಿಜ್ಞಾನ ಓದುವ ನಾದಿನಿಯ ಮಗಳಿಗೆ ನಾವು ಒಮ್ಮೆ ಸಾಮಾನ್ಯವಾದೊಂದು ಸೂಕ್ಷ್ಮದರ್ಶಕ ಒಯ್ದೆವು. ಆ ರಜೆಯಿಡೀ ಅವಳು ಕೆರೆಯ ನೀರಿನ ಹನಿ ತೋರಿಸಲು ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿದಳು.

ಕಾಲೇಜು ಮುಗಿಸಿದವರಿಗೆ ವಸ್ತುವಿಗಿಂತ ದಾರಿ ಬೇಕು. ಪರೀಕ್ಷೆಯ ಶುಲ್ಕ, ಒಂದು ತರಬೇತಿಯ ವೆಚ್ಚ, ಸಂದರ್ಶನಕ್ಕೆ ಹಾಕಿಕೊಳ್ಳಲು ಒಂದು ಜೊತೆ ಒಳ್ಳೆಯ ಬಟ್ಟೆ. ಲ್ಯಾಪ್‌ಟಾಪ್ ಕೊಡುವುದಿದ್ದರೆ ಅದರ ಗ್ಯಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಇಲ್ಲವಾದರೆ ಊರಿನಲ್ಲೇ ಕೊಂಡರೆ ಲೇಸು.

ನಡುವಿನವರು: ನಾವು ಮರೆಯುವ ಹೆಸರು

ಪಟ್ಟಿಯ ಮೇಲ್ತುದಿಯಲ್ಲಿ ಹಿರಿಯರು, ಕೆಳತುದಿಯಲ್ಲಿ ಮಕ್ಕಳು. ನಡುವೆ ಮೂವತ್ತರಿಂದ ಐವತ್ತರವರು. ಅವರಿಗೆ ಸಾಮಾನ್ಯವಾಗಿ ಉಳಿದದ್ದು ಸಲ್ಲುತ್ತದೆ. ಎರಡು ಸೋಪು, ಒಂದು ಟವೆಲು, ಒಂದು ಟಾಲ್ಕಮ್ ಪೌಡರು. ಇಲ್ಲಿಯೇ ನಾವು ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದ್ದು.

ಅಮ್ಮ ಹಾಸಿಗೆ ಹಿಡಿದ ನಾಲ್ಕು ತಿಂಗಳು ಅವರನ್ನು ಎತ್ತಿ ಕೂರಿಸಿದ್ದು, ಮಗ್ಗುಲು ಬದಲಿಸಿದ್ದು, ಒರೆಸಿ ಬಟ್ಟೆ ಬದಲಾಯಿಸಿದ್ದು ಅತ್ತಿಗೆ. ನಾವು ದಿನಾ ಸಂಜೆ ಫೋನು ಮಾಡಿ "ಅಮ್ಮ ಹೇಗಿದ್ದಾರೆ?" ಎಂದು ಕೇಳುತ್ತಿದ್ದೆವು. "ನೀವು ಹೇಗಿದ್ದೀರಿ ಅತ್ತಿಗೆ?" ಎಂದು ಕೇಳಿದ ನೆನಪಿಲ್ಲ. ಹನ್ನೆರಡು ವರ್ಷ ಅವರಿಗೆ ನಾವು ಒಯ್ದದ್ದು ಹೆಚ್ಚಾಗಿ ಸೋಪು. ಎತ್ತಿ ಎತ್ತಿ ಅವರ ಬೆನ್ನು ಹಿಡಿದಿತ್ತು ಎಂಬುದು ನಮಗೆ ತಿಳಿದದ್ದು ಅಮ್ಮ ಹೋದ ಮೇಲೆ, ಅಣ್ಣನಿಂದ.

ಪರದೇಶದಲ್ಲಿರುವ ನಮ್ಮೆಲ್ಲರ ನೆಮ್ಮದಿಯ ನಿದ್ದೆಗೆ ಊರಿನಲ್ಲಿ ಯಾರೋ ಒಬ್ಬರು ಎದ್ದಿರುತ್ತಾರೆ. ಅಣ್ಣ, ಅತ್ತಿಗೆ, ಮದುವೆಯಾಗದೆ ಉಳಿದ ತಂಗಿ, ಕೆಲಸದ ಅಕ್ಕ, ಯಾರೂ ಇರಬಹುದು. ನಿಮ್ಮ ಪಟ್ಟಿಯಲ್ಲಿ ಆ ಹೆಸರನ್ನು ಮೊದಲು ಬರೆಯಿರಿ. ಅವರ ದಿನವನ್ನು ಹಗುರ ಮಾಡುವುದೇ ಅವರಿಗೆ ಉಡುಗೊರೆ. ಬಟ್ಟೆ ಒಗೆಯುವ ಯಂತ್ರ, ಹೊಸ ಮಿಕ್ಸಿ, ತಿಂಗಳಿಗಿಷ್ಟು ದಿನ ಬಂದು ಹೋಗುವ ಸಹಾಯಕಿಯ ಸಂಬಳ. ಎಲ್ಲಕ್ಕಿಂತ ದೊಡ್ಡದು ರಜೆ. ನಾವು ಊರಿನಲ್ಲಿರುವ ಒಂದು ತಿಂಗಳಲ್ಲಿ ಹತ್ತು ದಿನ ಮನೆಯ ಹೊಣೆ ನಾವು ಹೊತ್ತು, ಅವರನ್ನು ತವರಿಗೋ ಯಾತ್ರೆಗೋ ಕಳಿಸಿಕೊಡೋಣ. ಈಗ ಅಪ್ಪನನ್ನು ನೋಡಿಕೊಳ್ಳುವ ಅತ್ತಿಗೆಗೆ ನಾವು ಕಳೆದ ಮೂರು ವರ್ಷದಿಂದ ಕೊಡುತ್ತಿರುವುದು ಈ ಹತ್ತು ದಿನ. ಮೊದಲ ವರ್ಷ ಬಸ್ ಹತ್ತುವಾಗ ಅವರಿಗೆ ನಂಬಿಕೆಯೇ ಇರಲಿಲ್ಲ, ಎರಡು ಸಲ ಇಳಿದು ಬಂದು ಮಾತ್ರೆ ಎಲ್ಲಿದೆ ಎಂದು ತೋರಿಸಿ ಹೋದರು.

ಹಿರಿಯರಿಗೆ

ಹಿರಿಯರು ಕೇಳಿದರೆ ಹೇಳುವ ಉತ್ತರ ಒಂದೇ: "ನಮಗೇನು ಬೇಡಪ್ಪ, ನೀವು ಬಂದರೆ ಸಾಕು." ಈ ಮಾತನ್ನು ನಂಬಿ ಸುಮ್ಮನಾಗುವುದೂ ತಪ್ಪು, ಅದನ್ನು ಕೇಳಿಸಿಕೊಳ್ಳದೆ ಕಂಬಳಿ ಹೊರುವುದೂ ತಪ್ಪು. ಅವರ ಜೊತೆ ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಸುಮ್ಮನೆ ಇದ್ದು ನೋಡಬೇಕು.

ಬೀಳುವುದನ್ನು ಮೊದಲು ತಡೆಯೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ. ಅರವತ್ತು ದಾಟಿದವರಿಗೇ ಈ ಅಪಾಯ ಹೆಚ್ಚು. ಬಚ್ಚಲು, ಶೌಚಾಲಯದ ಗೋಡೆಗೆ ಹಿಡಿದುಕೊಳ್ಳುವ ಕಂಬಿ, ಜಾರದ ರಬ್ಬರ್ ಹಾಸು, ಮಂಚದಿಂದ ಬಚ್ಚಲಿನವರೆಗೆ ಕರೆಂಟ್ ಹೋದರೂ ಉರಿಯುವ ಪುಟ್ಟ ದೀಪ, ತುದಿಗೆ ರಬ್ಬರ್ ಇರುವ ಊರುಗೋಲು, ಕಾಲಿಗೆ ಸರಿಯಾಗಿ ಕೂರುವ ಹಿಂಬದಿ ಪಟ್ಟಿಯ ಚಪ್ಪಲಿ. ಇವು ಯಾವುದೂ ದುಬಾರಿಯಲ್ಲ, ಹೆಚ್ಚಿನವು ಊರಿನಲ್ಲೇ ಸಿಗುತ್ತವೆ.

ಕಣ್ಣು, ಕಿವಿ ಆಮೇಲಿನವು. ಮಾತಿಗೆ ಮಾತು ಕೊಡದ ಅಜ್ಜನಿಗೆ ಬೇಸರವಿಲ್ಲದಿರಬಹುದು, ಕೇಳಿಸದೆ ಇರಬಹುದು. ಪತ್ರಿಕೆ ಓದುವುದನ್ನು ಬಿಟ್ಟ ಅಜ್ಜಿಗೆ ಪೊರೆ ಬಂದಿರಬಹುದು. ವೈದ್ಯರ ಬಳಿ ಕರೆದೊಯ್ದು, ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿ, ಹೊಸ ಕನ್ನಡಕ ಹಾಕಿಸಿ ಬಂದರೆ ಅದಕ್ಕಿಂತ ಮಿಗಿಲಾದ ಉಡುಗೊರೆ ಯಾವ ಮಾಲ್‌ನಲ್ಲೂ ಇಲ್ಲ.

ಯಂತ್ರಗಳನ್ನು ಒಯ್ಯುವುದಾದರೆ ಕಲಿಸುವ ಸಮಯವನ್ನೂ ಒಯ್ಯಿರಿ. ರಕ್ತದೊತ್ತಡ ನೋಡಲು ಮಣಿಕಟ್ಟಿನ ಯಂತ್ರಕ್ಕಿಂತ ತೋಳಿಗೆ ಸುತ್ತುವುದು ಉತ್ತಮ, ಪಟ್ಟಿ ಅವರ ತೋಳಿನ ಅಳತೆಗೆ ಸರಿಹೊಂದಬೇಕು. ಸಕ್ಕರೆ ನೋಡುವ ಯಂತ್ರದ ಪಟ್ಟಿಗಳು ಅವರ ಊರಿನ ಔಷಧಿ ಅಂಗಡಿಯಲ್ಲಿ ಸಿಗದಿದ್ದರೆ ಯಂತ್ರ ಇದ್ದೂ ಇಲ್ಲದಂತೆ. ಬಳಸುವ ಕ್ರಮವನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

ಖರ್ಜೂರದ ಮಾತು ಹೇಳದಿದ್ದರೆ ಸೌದಿಯಿಂದ ಬಂದವರು ಎನಿಸಿಕೊಳ್ಳುವುದು ಹೇಗೆ? ನಮ್ಮ ಪೂರ್ವ ಪ್ರಾಂತ್ಯದ ಅಲ್-ಅಹ್ಸಾ ಓಯಸಿಸ್‌ನಲ್ಲಿ ಸುಮಾರು 25 ಲಕ್ಷ ಖರ್ಜೂರದ ಮರಗಳಿವೆ. 2018ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಖಲಾಸ್, ಮದೀನಾದ ಅಜ್ವಾ, ಕಸೀಮ್‌ನ ಸುಕ್ಕರಿ ಒಂದಕ್ಕಿಂತ ಒಂದು ರುಚಿ. ಇದು ಇಂದಿಗೂ ಅರ್ಥವಿರುವ ಉಡುಗೊರೆ. ಏಕೆಂದರೆ ಇದು ನಾವಿರುವ ನೆಲದ ಬೆಳೆ. ಆದರೆ ಮಧುಮೇಹವಿರುವ ಹಿರಿಯರ ಕೈಗೆ ಎರಡು ಕಿಲೋ ಡಬ್ಬಿ ಕೊಟ್ಟು ಬಿಡಬೇಡಿ. ಒಂದೆರಡು ಹಣ್ಣಿನ ಪುಟ್ಟ ಪೊಟ್ಟಣ ಮಾಡಿ, ಮನೆಗೆ ಬಂದವರಿಗೆ ಅವರ ಕೈಯಿಂದಲೇ ಕೊಡಿಸಿ. ಕೊಡುವ ಸುಖವೂ ಅವರಿಗೊಂದು ಉಡುಗೊರೆಯೇ.

ಅಲ್ಲಿಂದ ಇಲ್ಲಿಗೆ

ಉಡುಗೊರೆಯ ದಾರಿ ಒಮ್ಮುಖವಲ್ಲ. ಇಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗೆ ಊರಿನವರು ಏನು ಕೊಡಬೇಕೆಂದು ತಿಳಿಯದೆ ಪೇಚಾಡುತ್ತಾರೆ. "ನಿಮ್ಮ ಮಕ್ಕಳಿಗೆ ಅಲ್ಲಿ ಎಲ್ಲ ಇರುತ್ತದೆ" ಎಂದು ಸಂಕೋಚಪಡುತ್ತಾರೆ. ಅವರಿಗೆ ನಾವೇ ಸೂಚಿಸಬಹುದು. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಬೊಂಬೆ, ಮಗಳಿಗೆ ಒಂದು ಇಳಕಲ್ ಲಂಗ, ಕನ್ನಡದ ಚಿತ್ರಕಥೆಗಳು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯ ಕನ್ನಡ ಪುಸ್ತಕಗಳು ಬೆಲೆಯಲ್ಲೂ ತೂಕದಲ್ಲೂ ಹಗುರ. ಅಜ್ಜಿಯ ದನಿಯಲ್ಲಿ ಹತ್ತು ಕಥೆ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದರೆ ಅದಕ್ಕೆ ತೂಕವೇ ಇಲ್ಲ. ನಮ್ಮ ಹತ್ತಿರ ಅಮ್ಮ ಹೇಳಿದ ಮೂರು ಕಥೆಗಳಿವೆ. ಹತ್ತು ಇರಬಹುದಿತ್ತು.

ಮಕ್ಕಳು ಕೊಡುವ ಉಡುಗೊರೆಯೂ ಉಂಟು. ಅಮ್ಮನ ದಿಂಬಿನ ಕೆಳಗಿದ್ದ ಪತ್ರ ನಮ್ಮ ಮಗಳು ಎಂಟು ವರ್ಷದವಳಿದ್ದಾಗ ಬರೆದದ್ದು. ಕನ್ನಡ ಅಕ್ಷರ ಆಗಷ್ಟೇ ಕಲಿತಿದ್ದಳು. ಐದು ಸಾಲು, ಏಳು ತಪ್ಪು. ನಾವು ತಿದ್ದಿ ಮತ್ತೆ ಬರೆಸಬೇಕೆಂದಿದ್ದೆವು, ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ ಹಾಗೇ ಹೋಯಿತು. ಪುಣ್ಯ.

ಒಯ್ಯುವ ಮುನ್ನ ಕೆಲವು ಎಚ್ಚರ

* ವಿದ್ಯುತ್: ಭಾರತದಲ್ಲಿ 230 ವೋಲ್ಟ್, 50 ಹರ್ಟ್ಸ್. ಸೌದಿಯ ಹಳೆಯ ಮನೆಗಳಲ್ಲಿ 127 ವೋಲ್ಟ್, 60 ಹರ್ಟ್ಸ್. ಈ ಕಡಿಮೆ ವೋಲ್ಟೇಜಿಗಷ್ಟೇ ಮಾಡಿದ ಕೆಟಲ್, ಮಿಕ್ಸಿಯನ್ನು ಊರಿನಲ್ಲಿ ನೇರವಾಗಿ ಚುಚ್ಚಿದರೆ ಹೊಗೆ ಬರುತ್ತದೆ. ಹಿಂಬದಿಯ ಚೀಟಿಯಲ್ಲಿ '100-240' ಎಂದಿದ್ದರೆ ಭಯವಿಲ್ಲ. ನಾವು ಒಮ್ಮೆ ಕರೆಂಟಿನಲ್ಲಿ ನಡೆಯುವ ಗಡಿಯಾರ ಒಯ್ದು, ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಿದೆವು. ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. 60 ಹರ್ಟ್ಸ್‌ಗೆ ಮಾಡಿದ ಮೋಟಾರು 50ರಲ್ಲಿ ಅಷ್ಟೇ ನಿಧಾನ ತಿರುಗುತ್ತದೆ!

* ಚಿನ್ನ: ಸೌದಿಯಲ್ಲಿ ಚಿನ್ನ ಅಗ್ಗ ಎಂಬ ಮಾತನ್ನು ಲೆಕ್ಕ ಹಾಕಿಯೇ ನಂಬಿ. ಇಲ್ಲಿ 2018ರಲ್ಲಿ ಶೇ. 5ರಷ್ಟಿದ್ದ ವ್ಯಾಟ್ 2020ರ ಜುಲೈನಲ್ಲಿ ಶೇ. 15ಕ್ಕೆ ಏರಿತು, ಅದು ಆಭರಣಕ್ಕೂ ಅನ್ವಯ. 2024ರ ಜುಲೈನಲ್ಲಿ ಭಾರತ ತನ್ನ ಆಮದು ಸುಂಕವನ್ನು ಶೇ. 15ರಿಂದ ಶೇ. 6ಕ್ಕೆ ಇಳಿಸಿತು. ಒಯ್ಯಬಹುದಾದ ಆಭರಣಕ್ಕೆ ಮಿತಿಯೂ ಇದೆ. ಇದು ಆಗಾಗ ಬದಲಾಗುವ ಕಾರಣ ಹೊರಡುವ ವಾರವೇ ಕಸ್ಟಮ್ಸ್ ಇಲಾಖೆಯ ನಿಯಮ ನೋಡಿಕೊಳ್ಳಿ. ಬಿಲ್ಲು ಜೊತೆಗಿರಲಿ.

* ಟಿವಿ: 2013ರ ಆಗಸ್ಟ್‌ನಲ್ಲಿ ಭಾರತ ಫ್ಲಾಟ್ ಟಿವಿಗೆ ಸುಂಕವಿಲ್ಲದ ಸೌಲಭ್ಯವನ್ನು ತೆಗೆದುಹಾಕಿತು. ಹೊತ್ತು ಒಯ್ಯುವ ಶ್ರಮ ವ್ಯರ್ಥ.

* ಬ್ಯಾಟರಿ: ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಅಲ್ಲ.

* ಮರಳಿ ಬರುವಾಗ ಗಸಗಸೆ ಬೇಡವೇ ಬೇಡ. ಪಾಯಸದ ಆಸೆಗೆ ಅತ್ತೆ ಪ್ರೀತಿಯಿಂದ ಕಟ್ಟಿಕೊಟ್ಟ ಪೊಟ್ಟಣ ಇಲ್ಲಿನ ಕಾನೂನಿನಲ್ಲಿ ಮಾದಕ ವಸ್ತುವಿನ ಅಪರಾಧ, ಜೈಲಿನವರೆಗೆ ಹೋಗಬಹುದು. ಯಾರೇ ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ಔಷಧಿಗೆ ವೈದ್ಯರ ಚೀಟಿ ಇರಲಿ.

ಕೊನೆಯ ಮಾತು

ನಮ್ಮ ಸಂಸ್ಕೃತಿಯಲ್ಲಿ ಕೊಡುವುದಕ್ಕೆ ಎಷ್ಟೊಂದು ಹೆಸರು! ಗೌರಿ ಹಬ್ಬಕ್ಕೆ ಬಾಗಿನ, ಮದುವೆಗೆ ಮುಯ್ಯಿ, ಮಗಳಿಗೆ ಮಡಿಲಕ್ಕಿ, ಬಂದವರಿಗೆ ತಾಂಬೂಲ. ಮರದಲ್ಲಿಟ್ಟು ಕೊಡುವ ಬಾಗಿನದಲ್ಲಿ ಬೇಳೆ, ಅಕ್ಕಿ, ಬಳೆ, ಅರಿಶಿನ-ಕುಂಕುಮ, ಬಾಚಣಿಗೆ, ಕನ್ನಡಿ ಇರುತ್ತವೆ. ಗಮನಿಸಿದ್ದೀರಾ, ಅದರಲ್ಲಿ ಇರುವುದೆಲ್ಲ ದಿನವೂ ಬಳಸುವ ವಸ್ತು. ಬೀರುವಿನಲ್ಲಿಡುವ ವಸ್ತು ಒಂದೂ ಇಲ್ಲ. ಒಬ್ಬ ಹೆಣ್ಣುಮಗಳ ದಿನಚರಿಯನ್ನು ಬಲ್ಲವರು ಕಟ್ಟಿದ ಉಡುಗೊರೆ ಅದು. ನಮ್ಮ ಹಿರಿಯರಿಗೆ ಇದು ಯಾರೂ ಹೇಳಿಕೊಡದೆ ತಿಳಿದಿತ್ತು.

ಹೋದ ರಜೆಯಲ್ಲಿ ನಮ್ಮ ಪೆಟ್ಟಿಗೆ ಅರ್ಧ ಖಾಲಿಯಿತ್ತು. ತೂಕದ ಯಂತ್ರ ಹತ್ತಿಸುವ ಪ್ರಮೇಯವೇ ಬರಲಿಲ್ಲ. ಊರು ಮುಟ್ಟಿದ ಮೊದಲ ವಾರ ಮೇಸ್ತ್ರಿಯನ್ನು ಕರೆಸಿ, ಬಚ್ಚಲಿನಲ್ಲಿ ಎರಡು, ಜಗಲಿಯ ಮೆಟ್ಟಿಲಿಗೆ ಒಂದು ಕಂಬಿ ಹಾಕಿಸಿದೆವು. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಇದೆಲ್ಲ ಯಾಕೆ, ನಾನೇನು ಅಷ್ಟು ಮುದುಕ ಆಗಿದ್ದೀನಾ?" ಎಂದು ರೇಗಿದರು. ಮರುದಿನ ಬೆಳಿಗ್ಗೆ ಅವರು ಅದನ್ನು ಹಿಡಿದುಕೊಂಡೇ ಮೆಟ್ಟಿಲಿಳಿದು ಹೂ ಕೊಯ್ಯಲು ಹೋದರು. ನಾವು ನೋಡಿಯೂ ನೋಡದಂತೆ ಕಾಫಿ ಕುಡಿದೆವು.

ಈ ಸಲ ನಿಮ್ಮ ಪೆಟ್ಟಿಗೆಯನ್ನು ಕಟ್ಟುವ ಮುನ್ನ ಊರಿಗೆ ಒಂದು ಫೋನು ಮಾಡಿ. ಏನು ಬೇಕೆಂದು ಕೇಳಬೇಡಿ. ಇವತ್ತು ಬೆಳಗಿನಿಂದ ಏನೇನು ಮಾಡಿದಿರಿ ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಎಲ್ಲರ ಪಯಣವೂ ಸುಖವಾಗಿರಲಿ.